ಮುಂದೆಂತ? ಹೊನ್ನಾವರ, ಕುಮಟಾ, ಭಟ್ಕಳದ ಓದಿನ ದಾರಿಗಳು

ಹದಿನಾಲ್ಕನೆಯ ಶತಮಾನದ ನಡುಗಾಲದಲ್ಲಿ ಹೊನ್ನಾವರಕ್ಕೆ ಬಂದಿಳಿದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಆ ಊರಿನಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಬೇರೆಲ್ಲಿಯೂ ಇಂಥದನ್ನು ತಾನು ಕಂಡಿಲ್ಲವೆಂಬ ಅಚ್ಚರಿಯನ್ನೂ ಅವನು ಮುಚ್ಚಿಟ್ಟಿಲ್ಲ. ಶರಾವತಿ ಕಡಲನ್ನು ಸೇರುವ ಒಂದು ಬಂದರು ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆಂದೇ ಅಷ್ಟು ಶಾಲೆಗಳಿದ್ದುವೆಂಬ ಈ ಸಂಗತಿಯನ್ನು ಜಿಲ್ಲೆಯ ಇತಿಹಾಸ ಬರೆದವರು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಆದರೆ ಆ ಮಕ್ಕಳಲ್ಲಿ ಯಾರೂ ‘ನಾನು ಏನನ್ನು ಓದಲಿ?’ ಎಂದು ಕೇಳಿಕೊಂಡಿರಲಾರರು. ಓದಬೇಕಾದುದು ಧರ್ಮಗ್ರಂಥವೆಂಬುದು ಮೊದಲೇ ನಿಶ್ಚಯವಾಗಿತ್ತು. ಅದೇ ಕರಾವಳಿಯ ಮಠಗಳಲ್ಲಿ, ಬಸದಿಗಳಲ್ಲಿ, ಅಗ್ರಹಾರಗಳಲ್ಲಿ ಕಲಿಯುತ್ತಿದ್ದವರ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಹುಟ್ಟಿದ ಮನೆ ಮತ್ತು ದೊರೆತ ಗುರು ಇವೆರಡೂ ಸೇರಿ ಶಿಷ್ಯನ ಓದಿನ ವ್ಯಾಪ್ತಿಯನ್ನು ಗೊತ್ತುಮಾಡುತ್ತಿದ್ದುವು.

ಆಯ್ಕೆಯೆಂಬುದು ಈಚಿನದು. ಪ್ರತಿವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಭಟ್ಕಳದಿಂದ ಕುಮಟೆಯವರೆಗಿನ ಹೆದ್ದಾರಿಯುದ್ದಕ್ಕೂ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ಮೀನು ಮಾರುಕಟ್ಟೆಯಲ್ಲಿ, ಬಸ್ಸಿನ ಸೀಟಿನಲ್ಲಿ ಕೇಳಿಬರುವ ಮಾತು ಒಂದೇ: ‘ಮುಂದೆಂತ?’ ಕೇಳುವವರಿಗೆ ಅದು ಕುಶಲಪ್ರಶ್ನೆ. ಹದಿನೇಳು ಹದಿನೆಂಟರ ವಯಸ್ಸಿನವರಿಗೆ ಮಾತ್ರ ಅದು ನ್ಯಾಯಾಲಯದ ಪ್ರಶ್ನೆಯಂತೆ ಕೇಳಿಸುತ್ತದೆ. ವಿಜ್ಞಾನ ಓದಿ ಸಿಇಟಿಯಲ್ಲಿ ಒಳ್ಳೆಯ ಸ್ಥಾನ ಬಾರದವನು ತಲೆ ತಗ್ಗಿಸುತ್ತಾನೆ. ಕಲಾವಿಭಾಗದ ಹುಡುಗಿ ‘ಬಿ.ಎ.’ ಎಂದೊಡನೆ ಕೇಳಿದವರು ಮಾತು ಬದಲಿಸುತ್ತಾರೆ. ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತವರಲ್ಲಿ ಎಷ್ಟೋ ಮಂದಿ ವಿಷಯಗಳ ಜೋಡಣೆಯನ್ನು ಬರೆಯುವುದು ಗೆಳೆಯನ ಅರ್ಜಿಯನ್ನು ನೋಡಿ. ಒಂದು ದಿನದ, ಒಂದು ಗಳಿಗೆಯ ಆ ಬರಹವೇ ತಮ್ಮ ಬದುಕನ್ನು ಮುದ್ರೆಯೊತ್ತಿ ಮುಚ್ಚಿಬಿಟ್ಟಿತೆಂಬ ಭಯ ಮಾತ್ರ ಅವರನ್ನು ವರ್ಷಗಟ್ಟಲೆ ಬಿಡುವುದಿಲ್ಲ.

ಈ ಭಯವನ್ನು ಪರಿಶೀಲಿಸುವುದಕ್ಕೆ ಕನ್ನಡದ ಎರಡು ಪದಗಳು ನೆರವಾಗುತ್ತವೆ: ‘ವಿಷಯ’ ಮತ್ತು ‘ಕ್ಷೇತ್ರ’. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವ ರೂಢಿ ಬಂದಿದೆ. ವಿಷಯವೆಂಬುದು ಪಠ್ಯಕ್ರಮದಲ್ಲಿ ಇರುವಂಥದು, ಅರ್ಜಿಯಲ್ಲಿ ತುಂಬುವಂಥದು, ಅಂಕಪಟ್ಟಿಯಲ್ಲಿ ಮುಗಿಯುವಂಥದು. ಕ್ಷೇತ್ರಕ್ಕೆ ಹೊಲವೆಂಬ ಅರ್ಥವಿದೆ, ಪುಣ್ಯಸ್ಥಳವೆಂಬ ಅರ್ಥವಿದೆ. ಹೊಲವನ್ನು ಉಳಬೇಕು, ಪುಣ್ಯಸ್ಥಳಕ್ಕೆ ನಡೆದು ಹೋಗಬೇಕು. ಎರಡಕ್ಕೂ ಕಾಲ ಬೇಕು. ಈ ಮೂರು ತಾಲೂಕುಗಳ ಮಣ್ಣಿನಿಂದ ಬಂದ, ಅಥವಾ ಈ ಮಣ್ಣಿಗೆ ಬಂದು ದುಡಿದ ಕೆಲವರ ಓದಿನ ದಾರಿಯನ್ನು ನೋಡಿದರೆ ವಿಷಯ ಒಂದು ಕಡೆ, ಕ್ಷೇತ್ರ ಇನ್ನೊಂದು ಕಡೆ ಇದ್ದುದು ಕಾಣುತ್ತದೆ. ಎರಡರ ನಡುವಣ ಆ ದೂರವನ್ನು ಅವರು ಹೇಗೆ ನಡೆದರೆಂಬುದೇ ಇಂದಿನ ವಿದ್ಯಾರ್ಥಿಗೆ ಬೇಕಾದ ಪಾಠ.

ಮೊದಲು ಹಿನ್ನೆಲೆಯ ಒಂದು ಮಾತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ ಬಹುಕಾಲ ಇಲ್ಲಿನ ಹುಡುಗ ಹೈಸ್ಕೂಲು ಮುಗಿಸಿದರೆ ಘಟ್ಟ ಹತ್ತಬೇಕು, ಇಲ್ಲವೆ ಹಡಗು ಹತ್ತಬೇಕು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ದೂರ ಕೊಂಚ ಕಡಿಮೆಯಾಯಿತು, ಖರ್ಚು ಕಡಿಮೆಯಾಗಲಿಲ್ಲ. ಮನೆಯಲ್ಲಿ ಒಬ್ಬ ಮಗನನ್ನು ಕಳಿಸಿದರೆ ಇನ್ನೊಬ್ಬ ತೋಟ ನೋಡಿಕೊಳ್ಳಬೇಕು. ಹೆಣ್ಣುಮಕ್ಕಳನ್ನು ಕಳಿಸುವ ಮಾತೇ ಏಳುತ್ತಿರಲಿಲ್ಲ. ಅಂಥ ಕಾಲದಲ್ಲಿ ‘ಯಾವ ವಿಷಯ’ ಎಂಬುದಕ್ಕಿಂತ ‘ಯಾರ ಮನೆಯಲ್ಲಿ ಉಳಿದು’ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಸ್ವಾತಂತ್ರ್ಯಾನಂತರ ಕುಮಟೆಯಲ್ಲಿ, ಮುಂಬಯಿಯ ಪ್ರಸಿದ್ಧ ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗಾ ಅವರ ಹೆಸರನ್ನು ಈಗ ಹೊತ್ತಿರುವ ಕಾಲೇಜು ಬಂದಿತು. 1960ರ ದಶಕದಲ್ಲಿ ಹೊನ್ನಾವರದಲ್ಲಿ ಎಸ್.ಡಿ.ಎಂ. ಕಾಲೇಜು ಬಂದಿತು. ಭಟ್ಕಳದಲ್ಲಿ 1919ರಷ್ಟು ಹಿಂದೆಯೇ ಆರಂಭವಾಗಿದ್ದ ಅಂಜುಮನ್ ಸಂಸ್ಥೆ ಕಾಲೇಜು ಶಿಕ್ಷಣಕ್ಕೂ ಕೈಹಾಕಿತು. ಸಂಜೆಯೊಳಗೆ ಮನೆಗೆ ಮರಳಬಹುದಾದ ದೂರದಲ್ಲಿ ಕಾಲೇಜು ಬಂದುದರಿಂದಲೇ ಅನೇಕ ಮನೆಗಳ ಮೊದಲ ಪದವೀಧರೆ ಹುಟ್ಟಿದಳು.

ಹೊನ್ನಾವರದ ಕಾಲೇಜಿಗೆ 1960ರ ದಶಕದಲ್ಲಿ ಪ್ರಾಂಶುಪಾಲರಾಗಿ ಬಂದವರು ವಿ. ಸೀತಾರಾಮಯ್ಯ. ಕನ್ನಡ ಓದುಗರ ಪಾಲಿಗೆ ವಿ.ಸೀ. ಎಂದರೆ ಕವಿ, ವಿಮರ್ಶಕ, ಕನ್ನಡದ ಮೇಷ್ಟರು. 1950ರ ದಶಕದ ಮೊದಲ ಭಾಗದಲ್ಲಿ ಕುಮಟೆಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ಆದರೆ ಮೈಸೂರಿನಲ್ಲಿ ಅವರು ಎಂ.ಎ. ಮಾಡಿದುದು ಅರ್ಥಶಾಸ್ತ್ರದಲ್ಲಿ. ಕನ್ನಡದ ಅಧ್ಯಾಪಕರಾಗಿ ಅವರ ಬಾಳು ಬೆಳೆದುದು ಆಮೇಲೆ. ಅರ್ಥಶಾಸ್ತ್ರವನ್ನು ಅವರು ಹಳೆಯ ಅಂಗಿಯಂತೆ ಕಳಚಿಟ್ಟು ಬಂದರೇ ಎಂದು ಕೇಳಿದರೆ, ಹಾಗೆ ತೋರುವುದಿಲ್ಲ. ಹಣದ ಸ್ವರೂಪ ವ್ಯವಹಾರಗಳನ್ನು ಕನ್ನಡದಲ್ಲಿ ತಿಳಿಸುವ ‘ಹಣ ಪ್ರಪಂಚ’ವೆಂಬ ಪುಸ್ತಕವನ್ನು ಅವರು ಬರೆದರು. ಮೊದಲು ಓದಿದ ವಿಷಯವನ್ನು ಆಮೇಲೆ ಆರಿಸಿಕೊಂಡ ಭಾಷೆಗೆ ಋಣವೆಂಬಂತೆ ಸಲ್ಲಿಸಿದರು. ಹೊನ್ನಾವರದ ಹೊಸ ಕಾಲೇಜಿನ ಮೊದಲ ತಂಡಗಳ ವಿದ್ಯಾರ್ಥಿಗಳು ‘ಮುಂದೆಂತ’ ಎಂದು ಕಳವಳಪಡುತ್ತ ತರಗತಿಯಲ್ಲಿ ಕುಳಿತಿದ್ದಾಗ, ಓದಿದ ವಿಷಯವೊಂದು, ದುಡಿದ ಕ್ಷೇತ್ರ ಇನ್ನೊಂದು ಆಗಿದ್ದ ವ್ಯಕ್ತಿಯೇ ಅವರ ಮುಖ್ಯಸ್ಥರಾಗಿದ್ದರು. ಆ ಸಂಗತಿಯನ್ನು ಎಷ್ಟು ಮಂದಿ ಗಮನಿಸಿದರೋ!

ಕುಮಟಾ ತಾಲೂಕಿನ ಹನೇಹಳ್ಳಿಯ ಚಿತ್ತಾಲ ಸಹೋದರರ ಕಥೆ ಇನ್ನೂ ಹತ್ತಿರದ್ದು, ಇನ್ನೂ ಕಠಿಣವಾದುದು. 1923ರಲ್ಲಿ ಹುಟ್ಟಿದ ಗಂಗಾಧರ ಚಿತ್ತಾಲರು ಕುಮಟೆಯ ಗಿಬ್ ಹೈಸ್ಕೂಲಿನಲ್ಲಿ ಓದಿ 1940ರ ಮೆಟ್ರಿಕ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತಕ್ಕೆ ಮೊದಲಿಗರಾದರು. ಅಂಥ ಫಲಿತಾಂಶ ಬಂದ ಹುಡುಗನ ಮುಂದೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ ಎನ್ನುತ್ತಾರೆ. ಎಲ್ಲ ಬಾಗಿಲೂ ತೆರೆದಿರುವುದು ದಾರಿ ತೋರಿದಂತೆ ಆಗುವುದಿಲ್ಲ. ಅಷ್ಟೂ ಬಾಗಿಲುಗಳಲ್ಲಿ ನಿಂತು ಕರೆಯುವವರ ನಿರೀಕ್ಷೆಯನ್ನು ಆ ಹುಡುಗ ಹೊರಬೇಕಾಗುತ್ತದೆ. ಗಂಗಾಧರರು ಲೆಕ್ಕಪರಿಶೋಧನೆಯ ಕೇಂದ್ರ ಸೇವೆಯನ್ನು ಸೇರಿದರು. ಜೊತೆಗೆ ‘ಕಾಲದ ಕರೆ’, ‘ಮನುಕುಲದ ಹಾಡು’, ‘ಹರಿವ ನೀರಿದು’, ‘ಸಂಪರ್ಕ’ ಎಂಬ ಸಂಕಲನಗಳ ಕವಿಯಾದರು. ಪರೀಕ್ಷೆಯಲ್ಲಿ ಪ್ರಾಂತಕ್ಕೆ ಮೊದಲಿಗನಾದವನು ಕಾವ್ಯದಲ್ಲಿ ಮಿತಭಾಷಿಯಾಗಿಯೇ ಉಳಿದ. ಕಚೇರಿಯ ಹೊಣೆ ಕವಿತೆಯಿಂದ ಕಿತ್ತುಕೊಂಡುದು ಎಷ್ಟು, ಕೊಟ್ಟುದು ಎಷ್ಟು ಎಂಬ ಲೆಕ್ಕವನ್ನು ಯಾವ ಪರಿಶೋಧಕನೂ ಮಾಡಲಾರ. ಬೆಲೆ ತೆರದೆ ಎರಡು ದಾರಿಗಳಲ್ಲಿ ನಡೆಯಲಾಗದೆಂಬುದನ್ನು ಮಾತ್ರ ಮರೆಯಬಾರದು.

ತಮ್ಮ ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದವರು. ಅವರು ಆರಿಸಿಕೊಂಡುದು ರಸಾಯನ ತಂತ್ರಜ್ಞಾನ. ಮುಂಬಯಿಯಲ್ಲಿಯೂ ಮುಂದೆ ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಅದನ್ನೇ ಓದಿದರು. ಪ್ಲಾಸ್ಟಿಕ್ ಉದ್ಯಮದಲ್ಲಿ ಉನ್ನತ ಹುದ್ದೆಗಳಲ್ಲಿ ದುಡಿದರು. ಕನ್ನಡದಲ್ಲಿ ಪದವಿ ಪಡೆಯದ ಇವರು ಕನ್ನಡ ಕಥನದ ದಿಕ್ಕನ್ನೇ ಬದಲಿಸಿದರು. 1979ರಲ್ಲಿ ಬಂದ ‘ಶಿಕಾರಿ’ಯನ್ನು ಓದಿದವರಿಗೆ ಗೊತ್ತು, ಆ ಕಾದಂಬರಿಯ ನಾಗಪ್ಪನನ್ನು ಬೆನ್ನಟ್ಟುವ ಭಯ ಒಂದು ದೊಡ್ಡ ಕಂಪನಿಯ ಒಳಗಿನದು. ಕೈಗಾರಿಕೆಯ ಒಳಮನೆಯನ್ನು ಹೊರಗಿನಿಂದ ಇಣುಕಿ ನೋಡಿದವರು ಅದನ್ನು ಬರೆಯಲಾರರು. ಅತ್ತ ಅವರ ಎಷ್ಟೋ ಕಥೆಗಳ ಭೂಮಿ ಹನೇಹಳ್ಳಿಯೇ. ಮುಂಬಯಿಯ ಬದುಕು ಹನೇಹಳ್ಳಿಯನ್ನು ಒರೆಸಿಹಾಕಲಿಲ್ಲ, ದೂರದಿಂದ ನೋಡುವಂತೆ ಮಾಡಿತು. ‘ಕತೆಯಾದಳು ಹುಡುಗಿ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗಲೂ ಅವರು ಉದ್ಯಮದ ಮನುಷ್ಯರೇ. ಗೋಕರ್ಣದ ಜಯಂತ ಕಾಯ್ಕಿಣಿಯವರದೂ ಇದೇ ಸಾಲು. ಧಾರವಾಡದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ., ಮುಂಬಯಿಯ ಔಷಧ ಕಾರ್ಖಾನೆಯಲ್ಲಿ ಉದ್ಯೋಗ, ಬರೆದುದು ಕವಿತೆ ಮತ್ತು ಕಥೆ.

ಇಂಥ ಉದಾಹರಣೆಗಳನ್ನು ಹೇಳಿ ‘ಏನನ್ನಾದರೂ ಓದು, ಎಲ್ಲ ಸರಿಹೋಗುತ್ತದೆ’ ಎಂಬ ಸುಲಭ ಸಮಾಧಾನಕ್ಕೆ ಬರುವುದುಂಟು. ಅದು ತಪ್ಪು. ಚಿತ್ತಾಲರು ರಸಾಯನಶಾಸ್ತ್ರವನ್ನು ಅರೆಮನಸ್ಸಿನಿಂದ ಓದಿದವರಲ್ಲ, ಅದರಲ್ಲಿ ಪರಿಣತರಾದವರು. ವಿ.ಸೀ. ಅರ್ಥಶಾಸ್ತ್ರದಲ್ಲಿ ಹಿಂದುಳಿದು ಕನ್ನಡಕ್ಕೆ ಓಡಿಬಂದವರಲ್ಲ. ಕೈಯಲ್ಲಿದ್ದ ವಿಷಯವನ್ನು ಪ್ರಾಮಾಣಿಕವಾಗಿ ಕಲಿತುದರಿಂದಲೇ ಮನಸ್ಸಿನಲ್ಲಿದ್ದ ಕ್ಷೇತ್ರಕ್ಕೆ ಅವರು ಏನನ್ನಾದರೂ ಹೊತ್ತು ತರಬಲ್ಲವರಾದರು. ಬರಿಗೈಯಲ್ಲಿ ಬಂದವನನ್ನು ಯಾವ ಕ್ಷೇತ್ರವೂ ಸಾಕುವುದಿಲ್ಲ.

ಇನ್ನೊಂದು ಬಗೆಯವರೂ ಇದ್ದಾರೆ. ಕನ್ನಡವನ್ನೇ ವಿಷಯವಾಗಿ ಓದಿ, ಕನ್ನಡವನ್ನೇ ಪಾಠ ಹೇಳಿ, ಆದರೂ ತಮ್ಮ ಕ್ಷೇತ್ರವನ್ನು ಪಠ್ಯದ ಹೊರಗೆ ಕಂಡುಕೊಂಡವರು. ಕುಮಟೆಯ ಕಾಲೇಜಿನಲ್ಲಿ ಕನ್ನಡ ಕಲಿಸಿದ ಎಲ್. ಆರ್. ಹೆಗಡೆ, ಹೊನ್ನಾವರದಲ್ಲಿ ಕನ್ನಡ ಕಲಿಸಿದ ಎನ್. ಆರ್. ನಾಯಕ ಈ ಸಾಲಿನವರು. ಹಾಲಕ್ಕಿ ಒಕ್ಕಲಿಗರು, ಗೊಂಡರು, ಮುಕ್ರಿಯರು ಮೊದಲಾದ ಸಮುದಾಯಗಳ ಹಾಡು, ಕಥೆ, ಆಚರಣೆಗಳು ಇಂದು ಅಚ್ಚಿನಲ್ಲಿ ದೊರೆಯುವುದು ಇಂಥವರ ತಿರುಗಾಟದ ಫಲವಾಗಿ. ತರಗತಿಯಲ್ಲಿ ಪಂಪ ರನ್ನರನ್ನು ಓದಿಸುವಾಗ ಗದ್ದೆಯ ಅಂಚಿನಲ್ಲಿ ನಾಟಿಯ ಹಾಡು ಕೇಳುತ್ತಿತ್ತು. ಆ ಹಾಡನ್ನು ತರಗತಿಯ ಗಲಾಟೆಯೆಂದು ತಿಳಿದು ಕಿಟಕಿ ಮುಚ್ಚುವುದು ಒಂದು ದಾರಿ, ಬರೆದುಕೊಳ್ಳಲು ಎದ್ದು ಹೋಗುವುದು ಇನ್ನೊಂದು ದಾರಿ. ಸಂಶೋಧನೆಯಲ್ಲಿ ‘ಕ್ಷೇತ್ರಕಾರ್ಯ’ವೆಂಬ ಪದಕ್ಕೆ ಈ ಇಬ್ಬರ ಬದುಕಿನಲ್ಲಿ ಅಕ್ಷರಶಃ ಅರ್ಥ ಬಂದಿತು.

ಈ ಪರಂಪರೆಯ ಮೂಲವನ್ನು ಹುಡುಕಿ ಹಿಂದೆ ಹೋದರೆ ದಾರಿ ಭಟ್ಕಳ ತಾಲೂಕಿನ ಹಾಡುವಳ್ಳಿಗೆ ಮುಟ್ಟುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಸಂಗೀತಪುರವೆಂಬ ಹೆಸರು. ಸಾಳುವ ಅರಸರ ರಾಜಧಾನಿಯಾಗಿ, ಜೈನ ಮಠದ ನೆಲೆಯಾಗಿ ಮೆರೆದ ಈ ಊರು ಇಂದು ಅಡಕೆ ತೋಟಗಳ, ಕಾಡಿನ ನಡುವೆ ಮೌನವಾಗಿದೆ. ಬಸದಿಗಳೂ ಶಾಸನಗಳೂ ಅದರ ಹಿಂದಿನ ಸಿರಿಯನ್ನು ಹೇಳುತ್ತವೆ. ಈ ಮಠದ ಅಕಲಂಕದೇವರ ಶಿಷ್ಯರಾದ ಭಟ್ಟಾಕಲಂಕದೇವರು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದರು. ನಾಲ್ಕು ಪಾದಗಳು, 592 ಸೂತ್ರಗಳು, ಅವುಗಳಿಗೆ ‘ಭಾಷಾಮಂಜರಿ’ ಎಂಬ ವೃತ್ತಿ, ಅದಕ್ಕೆ ‘ಮಂಜರೀಮಕರಂದ’ವೆಂಬ ವ್ಯಾಖ್ಯಾನ. ಇವೆಲ್ಲವೂ ಸಂಸ್ಕೃತದಲ್ಲಿ, ವಿವರಿಸುವುದು ಮಾತ್ರ ಕನ್ನಡವನ್ನು. ಭಟ್ಕಳವೆಂಬ ಹೆಸರೇ ಭಟ್ಟಾಕಲಂಕರಿಂದ ಬಂದುದೆಂಬ ಅಭಿಪ್ರಾಯವೂ ಪ್ರಚಲಿತವಾಗಿದೆ.

ವ್ಯಾಕರಣದ ವಿದ್ಯಾರ್ಥಿಗಳು ಈ ಗ್ರಂಥವನ್ನು ಸೂತ್ರಗಳಿಗಾಗಿ ಓದುತ್ತಾರೆ. ಓದಿನ ಆಯ್ಕೆಯ ದೃಷ್ಟಿಯಿಂದ ಓದಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಭಟ್ಟಾಕಲಂಕರು ಸಂಸ್ಕೃತದಲ್ಲಿ ಪ್ರೌಢರು. ಸಂಸ್ಕೃತ ವ್ಯಾಕರಣದ ಮೇಲೆಯೋ ತರ್ಕದ ಮೇಲೆಯೋ ಇನ್ನೊಂದು ವ್ಯಾಖ್ಯಾನ ಬರೆದಿದ್ದರೆ ವಿದ್ವತ್ಸಭೆಯಲ್ಲಿ ಯಾರೂ ‘ಇದೇಕೆ?’ ಎಂದು ಕೇಳುತ್ತಿರಲಿಲ್ಲ. ಅವರು ಕನ್ನಡವನ್ನು ಆರಿಸಿಕೊಂಡರು. ಆದ್ದರಿಂದ ಆ ಪ್ರಶ್ನೆಯನ್ನು ತಾವೇ ಎತ್ತಿಕೊಂಡು ಉತ್ತರಿಸಬೇಕಾಯಿತು. ದೇಶಭಾಷೆಯೊಂದಕ್ಕೆ ಶಾಸ್ತ್ರವೇಕೆ, ಶಾಸ್ತ್ರಗ್ರಂಥಗಳಲ್ಲಿ ಅದಕ್ಕೆ ಬಳಕೆಯುಂಟೇ ಎಂಬ ಆಕ್ಷೇಪವನ್ನು ಅವರು ಎದುರಿಸುತ್ತಾರೆ. ತತ್ತ್ವಾರ್ಥ ಮಹಾಶಾಸ್ತ್ರದ ಮೇಲೆ 96,000 ಗ್ರಂಥ ಪರಿಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನ ಕನ್ನಡದಲ್ಲಿದೆಯೆಂದೂ, ಶಬ್ದ ಯುಕ್ತಿ ಆಗಮಗಳ, ಕಾವ್ಯ ನಾಟಕ ಅಲಂಕಾರ ಕಲೆಗಳ ಗ್ರಂಥಗಳು ಅನೇಕವಿವೆಯೆಂದೂ ತೋರಿಸಿ ಕನ್ನಡ ಶಾಸ್ತ್ರಕ್ಕೆ ಅರ್ಹವೆಂದು ಸಾಧಿಸುತ್ತಾರೆ. ‘ಚೂಡಾಮಣಿ’ ಇಂದು ನಮಗೆ ದೊರೆತಿಲ್ಲ. ಅದನ್ನು ಹೆಸರಿಸಿ ವಾದಿಸಿದ ಗ್ರಂಥ ಉಳಿದಿದೆ. ‘ಬಿ.ಎ.ಯಲ್ಲಿ ಕನ್ನಡವೇಕೆ?’ ಎಂಬ ಇಂದಿನ ಪ್ರಶ್ನೆಯ ಹಿರಿಯಣ್ಣ ನಾಲ್ಕು ಶತಮಾನಗಳ ಹಿಂದೆಯೇ ಹಾಡುವಳ್ಳಿಯ ಬಾಗಿಲಿಗೆ ಬಂದಿದ್ದ. ಕೇಳಿದವರ ಮೇಲೆ ಮುನಿಯದೆ, ಭಾವುಕತೆಗೆ ಇಳಿಯದೆ, ಪ್ರಮಾಣಗಳನ್ನು ಒಡ್ಡಿ ಉತ್ತರಿಸಿದ ರೀತಿ ಗಮನಾರ್ಹವಾದುದು.

ಕಾಲವೂ ಅನುಕೂಲವಾಗಿರಲಿಲ್ಲ. 1565ರ ಯುದ್ಧದ ತರುವಾಯ ವಿಜಯನಗರದ ಆಸರೆ ಕುಸಿದಿತ್ತು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆ ಕೊನೆಗಾಣುತ್ತಿತ್ತು. ಕೆಳದಿಯ ಬಲ ಏರುತ್ತಿತ್ತು. 1623ರಲ್ಲಿ ಹೊನ್ನಾವರದಿಂದ ಹೊಳೆಯ ದಾರಿಯಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೇರುಸೊಪ್ಪೆಯಲ್ಲಿ ಕಂಡುದು ಮರ ಬೆಳೆದು ಮುಚ್ಚಿದ ಅರಮನೆಯ ಅವಶೇಷವನ್ನು. ಪೋಷಿಸುವ ಅರಸುಮನೆಗಳು ನಂದುತ್ತಿದ್ದ ಹೊತ್ತಿನಲ್ಲಿ ಒಬ್ಬ ಯತಿ ಕುಳಿತು ಕನ್ನಡದ ಪ್ರತ್ಯಯಗಳನ್ನೂ ಸಮಾಸಗಳನ್ನೂ ವಿಂಗಡಿಸುತ್ತಿದ್ದರು. ಉದಾಹರಣೆಗೆಂದು ಹಿಂದಿನ ಕವಿಗಳ ಪ್ರಯೋಗಗಳನ್ನು ಕೂಡಿಸುತ್ತಿದ್ದರು. ಅರಮನೆ ಹೋಯಿತು, ಮೆಣಸಿನ ವ್ಯಾಪಾರ ಬೇರೆಯವರ ಕೈ ಸೇರಿತು. 1890ರಲ್ಲಿ ಬಿ. ಎಲ್. ರೈಸ್ ಅವರು ಈ ವ್ಯಾಕರಣವನ್ನು ಅಚ್ಚು ಹಾಕಿಸಿದಾಗ ಅದು ಹೊಸ ವಿದ್ವಾಂಸರ ಕೈಗೆ ಹೊಸದಾಗಿಯೇ ಬಂದಿತು.

ಇಂದಿನ ವಿದ್ಯಾರ್ಥಿಯ ಬಳಿಗೆ ಮರಳೋಣ. ಭಟ್ಟಾಕಲಂಕರ ಹೆಸರು ಹೇಳಿದರೆ ಹೊಟ್ಟೆ ತುಂಬುವುದಿಲ್ಲವೆಂಬ ಆಕ್ಷೇಪ ನ್ಯಾಯವಾದುದು. ಯತಿಗೆ ಸಂಸಾರದ ಹೊಣೆಯಿರಲಿಲ್ಲ. ಕನ್ನಡ ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕರಾಗಿ ವರ್ಷದಿಂದ ವರ್ಷಕ್ಕೆ ನೇಮಕದ ಆದೇಶ ಕಾಯುವವರ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಮೀನುಗಾರಿಕೆಯ ದೋಣಿಯಲ್ಲಿ ದುಡಿಯುವ ತಂದೆ ಮಗಳು ಬೇಗ ಸಂಪಾದಿಸಲೆಂದು ಬಯಸಿದರೆ ಅದನ್ನು ಅಜ್ಞಾನವೆಂದು ಹಳಿಯುವ ಅಧಿಕಾರ ಯಾವ ಅಧ್ಯಾಪಕನಿಗೂ ಇಲ್ಲ. ಜೀವನೋಪಾಯದ ಪ್ರಶ್ನೆಗೆ ಚಿತ್ತಾಲರು ಕೊಟ್ಟ ಉತ್ತರ ಒಂದು ಬಗೆಯದು, ನಾಯಕ ಹೆಗಡೆಯವರು ಕೊಟ್ಟ ಉತ್ತರ ಇನ್ನೊಂದು ಬಗೆಯದು. ಎರಡೂ ಗೌರವಕ್ಕೆ ಯೋಗ್ಯ. ನರ್ಸಿಂಗ್ ಓದಲು ಹೋಗುವ ಹುಡುಗಿ, ಬಿ.ಕಾಂ. ಸೇರುವ ಹುಡುಗ ಕ್ಷೇತ್ರವನ್ನು ಕಳೆದುಕೊಂಡವರೆಂದು ತಿಳಿಯಬೇಕಾದುದಿಲ್ಲ.

ಕಳೆದುಕೊಳ್ಳುವುದು ಬೇರೆ ಕಡೆ, ಕನ್ನಡವನ್ನು ಆರಿಸಿಕೊಂಡ ಮೇಲೂ. ಎಂ.ಎ. ಮುಗಿಸಿ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳುವ ಕರಾವಳಿಯ ಯುವಕ, ಹತ್ತಾರು ಪ್ರಬಂಧಗಳು ಈಗಾಗಲೇ ಬಂದಿರುವ ಪ್ರಸಿದ್ಧ ಲೇಖಕರೊಬ್ಬರ ಕಾದಂಬರಿಗಳಲ್ಲಿ ಇನ್ನೊಂದು ‘ನೆಲೆ’ಯನ್ನು ಹುಡುಕಲು ಹೊರಡುತ್ತಾನೆ. ಅವನು ದಿನವೂ ಬಸ್ಸಿನಲ್ಲಿ ಹಾದುಹೋಗುವ ಊರುಗಳಲ್ಲಿ ಕೆಲಸ ಕಾದು ಕುಳಿತಿದೆ. ಭಟ್ಕಳದ ಚಂದ್ರನಾಥೇಶ್ವರ ಬಸದಿ ಪೇಟೆಯ ನಡುವೆಯೇ ಇದೆ. ಗೇರುಸೊಪ್ಪೆಯ ಚತುರ್ಮುಖ ಬಸದಿ ಕಾಡಿನಲ್ಲಿದೆ. ತೋಟದ ಬೇಲಿಗೆ ಒರಗಿದ ವೀರಗಲ್ಲುಗಳಿವೆ, ಮನೆಗಳ ಅಟ್ಟದಲ್ಲಿ ಯಕ್ಷಗಾನ ಪ್ರಸಂಗಗಳ ಹಳೆಯ ಪ್ರತಿಗಳಿವೆ. ಭಟ್ಕಳದ ಮನೆಗಳಲ್ಲಿ ನವಾಯತಿ, ಕುಮಟಾ ಹೊನ್ನಾವರಗಳ ಮನೆಗಳಲ್ಲಿ ಕೊಂಕಣಿ, ಹವ್ಯಕ, ಹಾಲಕ್ಕಿ ಕನ್ನಡಗಳು ಕೇಳುತ್ತವೆ. ಇವುಗಳಲ್ಲಿ ಒಂದನ್ನು ಆಡುತ್ತ ಬೆಳೆದವನಿಗೆ ದೂರದ ವಿದ್ವಾಂಸ ಹತ್ತು ವರ್ಷ ಕಲಿತರೂ ದೊರೆಯದ ಪ್ರವೇಶ ಹುಟ್ಟಿನಿಂದಲೇ ದೊರೆತಿದೆ. ಹಾಗೆಂದು ಪ್ರವೇಶವೊಂದೇ ಸಾಲದು. ಶಾಸನ ಓದಲು ಹಳಗನ್ನಡವೂ ಸ್ವಲ್ಪ ಸಂಸ್ಕೃತವೂ ಬೇಕು. ಬಂದರಿನ ಇತಿಹಾಸಕ್ಕೆ ಪೋರ್ಚುಗೀಸ್ ದಾಖಲೆಗಳ ಪರಿಚಯ ಬೇಕು. ಆಡುನುಡಿಯನ್ನು ದಾಖಲಿಸಲು ಭಾಷಾವಿಜ್ಞಾನದ ಶಿಸ್ತು ಬೇಕು. ಒಲವು ಇದ್ದ ಮಾತ್ರಕ್ಕೆ ಇವು ಬರುವುದಿಲ್ಲ.

ಆದುದರಿಂದ ಅರ್ಜಿಯ ಮುಂದೆ ನಿಂತ ಹದಿನೆಂಟರವರಿಗೆ ಕೊಡಬಹುದಾದ ಸಲಹೆ ಚಿಕ್ಕದು. ಅಲ್ಲಿ ಬರೆಯುವುದು ಮೂರು ವರ್ಷದ ವಿಷಯವನ್ನು. ಮನೆಯ ಸ್ಥಿತಿ, ಅಂಕ, ಉದ್ಯೋಗ ಎಲ್ಲವನ್ನೂ ತೂಗಿ ಅದನ್ನು ಬರೆಯಲಿ, ಬರೆದುದನ್ನು ಶ್ರದ್ಧೆಯಿಂದ ಓದಲಿ. ಜೊತೆಗೆ, ಪರೀಕ್ಷೆ ಕೇಳದಿದ್ದರೂ ಮನಸ್ಸು ಬಿಡದೆ ಕೇಳುವ ಒಂದು ಪ್ರಶ್ನೆಯನ್ನು ಗುರುತಿಸಿಟ್ಟುಕೊಳ್ಳಲಿ. ‘ನಮ್ಮೂರಿನ ಹೆಸರು ಹೀಗೇಕೆ? ಅಜ್ಜಿ ಆಡುವ ಈ ಮಾತು ಪುಸ್ತಕದಲ್ಲಿ ಏಕಿಲ್ಲ? ಈ ಕಲ್ಲಿನಲ್ಲಿ ಏನು ಬರೆದಿದೆ?’ ಇಂಥ ಯಾವುದಾದರೂ ಒಂದು. ಅಧ್ಯಾಪಕರ ಹೊಣೆ ಅದಕ್ಕಿಂತ ದೊಡ್ಡದು. ಹಿಂದಿನ ಬೆಂಚಿನಿಂದ ಅಂಜುತ್ತ ಬಂದ ಅಂಥ ಪ್ರಶ್ನೆಯನ್ನು ‘ಪಠ್ಯದಲ್ಲಿಲ್ಲ’ ಎಂದು ತಳ್ಳಿದ ದಿನ ಒಂದು ಕ್ಷೇತ್ರ ಬೀಳುಬೀಳುತ್ತದೆ.

ಹಾಡುವಳ್ಳಿಗೆ ಭಟ್ಕಳದಿಂದ ಹೋಗಿ ಬರುವುದು ಕಷ್ಟವಲ್ಲ. ಕನ್ನಡ ಐಚ್ಛಿಕದ ಕೊಠಡಿಯಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳು ಉಳಿದಿದ್ದರೂ ಸರಿಯೆ, ಅವರನ್ನು ಒಂದು ಶನಿವಾರ ಮಧ್ಯಾಹ್ನ ಅಲ್ಲಿಗೆ ಕರೆದೊಯ್ದು, ಬಸದಿಯ ಮುಂದೆ ನಿಲ್ಲಿಸಿ, 1604ರಲ್ಲಿ ಇಲ್ಲಿಯ ಒಬ್ಬ ವಿದ್ವಾಂಸ ‘ಕನ್ನಡವೇಕೆ?’ ಎಂಬ ಪ್ರಶ್ನೆಗೆ ಉತ್ತರ ಬರೆದನೆಂದು ಹೇಳಿದರೆ ಸಾಕು. ಮರಳುವ ಬಸ್ಸಿನಲ್ಲಿ ಯಾರಾದರೂ ‘ಮುಂದೆಂತ?’ ಎಂದು ಕೇಳಿದರೆ, ಅವರಲ್ಲಿ ಒಬ್ಬರಾದರೂ ತಲೆ ಎತ್ತಿ ಉತ್ತರಿಸಬಹುದು.